ಬೆಲ್ಲದ ಕಾಫಿ, ಕಿತ್ತಳೆಯ ಬಿಳಿ ನಾರು ಮತ್ತು ರಕ್ತನಾಳದ ಒಳಪದರ

ಮಡಿಕೇರಿ, ಕುಶಾಲನಗರಗಳ ರಸ್ತೆ ಬದಿಯ ಸಾಂಬಾರ ಪದಾರ್ಥಗಳ ಅಂಗಡಿಗಳಲ್ಲಿ ಜೇನು, ಕರಿಮೆಣಸು, ಏಲಕ್ಕಿಗಳ ಪಕ್ಕದಲ್ಲೇ ಈಗ ಹುರಿಯದ ಹಸಿರು ಕಾಫಿಯ ಪುಡಿ, ಅರಿಶಿನದ ಸಾರದ ಗುಳಿಗೆ, ಮದ್ದು ಸೊಪ್ಪಿನ ಪುಡಿ ಮುಂತಾದವೂ ಸಾಲುಗಟ್ಟಿ ನಿಂತಿರುತ್ತವೆ. ಪೊಟ್ಟಣದ ಮೇಲೆ ಹೃದಯದ ಚಿತ್ರವೊಂದು, ಅದರ ಕೆಳಗೆ ಆಂಟಿಆಕ್ಸಿಡೆಂಟ್ ಎಂಬ ಪದ. ಪ್ರವಾಸಿಗರು ಕೊಳ್ಳುವುದು ಸಹಜ. ಆದರೆ ಇತ್ತೀಚೆಗೆ ನಮ್ಮ ಬಂಧುಬಳಗದವರೂ ರಕ್ತದೊತ್ತಡಕ್ಕೆ ಇದು ಒಳ್ಳೆಯದಂತೆ, ರಕ್ತನಾಳದ ಕೊಬ್ಬಿಗೆ ಅದು ಒಳ್ಳೆಯದಂತೆ ಎಂದು ಕೇಳತೊಡಗಿದ್ದಾರೆ. ನನ್ನ ಉತ್ತರ ಹೀಗಿದೆ: ಸಸ್ಯಗಳಲ್ಲಿರುವ ಪಾಲಿಫಿನಾಲ್‌ಗಳಿಂದ ರಕ್ತನಾಳಗಳಿಗೆ ಪ್ರಯೋಜನವಿದೆ, ಆದರೆ ಪೊಟ್ಟಣ ಹೇಳುವ ಕಾರಣ ತಪ್ಪು, ಹೇಳುವ ಪ್ರಮಾಣ ಉತ್ಪ್ರೇಕ್ಷೆಯದು, ಮತ್ತು ಸಿಗಬಹುದಾದ ಪ್ರಯೋಜನದ ಬಹುಪಾಲು ಕೊಡಗಿನ ಅಡುಗೆಮನೆಯಲ್ಲಿ ಈಗಾಗಲೇ ಇರುವ ಪದಾರ್ಥಗಳನ್ನು ನಾವು ಹೇಗೆ ಬಳಸುತ್ತೇವೆ ಎಂಬುದನ್ನು ಅವಲಂಬಿಸಿದೆ.

ಪಾಲಿಫಿನಾಲ್‌ಗಳು ಒಂದೇ ವಸ್ತುವಲ್ಲ. ಸಸ್ಯಗಳು ಬಿಸಿಲು, ಕೀಟ, ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುವ ಈ ವರ್ಗದ ಸಂಯುಕ್ತಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚಿನವನ್ನು ಈವರೆಗೆ ಗುರುತಿಸಲಾಗಿದೆ. ಈರುಳ್ಳಿಯ ಕ್ವೆರ್ಸೆಟಿನ್, ಚಹಾ ಮತ್ತು ಕೋಕೋದ ಕ್ಯಾಟೆಚಿನ್‌ಗಳು, ಕಿತ್ತಳೆಯ ಹೆಸ್ಪೆರಿಡಿನ್, ನೇರಳೆ ಹಣ್ಣಿನ ಆಂಥೋಸಯನಿನ್, ಕಾಫಿಯ ಕ್ಲೋರೋಜೆನಿಕ್ ಆಮ್ಲ, ಇವೆಲ್ಲವೂ ಆ ಕುಟುಂಬಕ್ಕೆ ಸೇರಿದವು. ಕಾಯಿಯ ಒಗರು, ಹಣ್ಣಿನ ಗಾಢ ಬಣ್ಣ ಇವುಗಳಿಗೆ ಅನೇಕ ಬಾರಿ ಇವೇ ಕಾರಣ.

ಮೊದಲು ಆ ಆಂಟಿಆಕ್ಸಿಡೆಂಟ್ ವಾದವನ್ನು ನೋಡೋಣ. ಪರೀಕ್ಷಾ ನಳಿಕೆಯಲ್ಲಿ ಪಾಲಿಫಿನಾಲ್‌ಗಳು ಆಮ್ಲಜನಕದ ಹಾನಿಕಾರಕ ರೂಪಗಳನ್ನು ಹಿಡಿದು ನಿಷ್ಕ್ರಿಯಗೊಳಿಸುವುದು ನಿಜ, ಮತ್ತು ಕೆಟ್ಟ ಕೊಲೆಸ್ಟರಾಲ್ ಎನಿಸಿಕೊಂಡ ಎಲ್‌ಡಿಎಲ್ ಕಣಗಳು ಆಕ್ಸಿಡೀಕರಣಗೊಂಡಾಗಲೇ ರಕ್ತನಾಳದ ಗೋಡೆಯಲ್ಲಿ ಹೆಚ್ಚು ತೊಂದರೆ ಮಾಡುತ್ತವೆ ಎಂಬುದೂ ನಿಜ. ಈ ಎರಡು ನಿಜಗಳನ್ನು ಜೋಡಿಸಿ ಒಂದು ಸರಳ ಕಥೆ ಹುಟ್ಟಿಕೊಂಡಿತು. ಆದರೆ ನಾವು ತಿಂದ ಪಾಲಿಫಿನಾಲ್‌ನಲ್ಲಿ ಸಾಮಾನ್ಯವಾಗಿ ಸಣ್ಣ ಪಾಲು ಮಾತ್ರ ಸಣ್ಣ ಕರುಳಿನಲ್ಲಿ ಹೀರಿಕೆಯಾಗುತ್ತದೆ. ಆ ಪಾಲನ್ನೂ ಕರುಳಿನ ಗೋಡೆ ಮತ್ತು ಯಕೃತ್ತು ಬೇರೆ ರೂಪಕ್ಕೆ ತಿರುಗಿಸಿ, ಕೆಲವೇ ಗಂಟೆಗಳಲ್ಲಿ ಮೂತ್ರದ ಮೂಲಕ ಹೊರಹಾಕುತ್ತವೆ. ರಕ್ತದಲ್ಲಿ ಸದಾ ಇರುವ ಯೂರಿಕ್ ಆಮ್ಲವೇ ಒಂದು ಆಂಟಿಆಕ್ಸಿಡೆಂಟ್ ಆಗಿದ್ದು, ಅದರ ಸಾಂದ್ರತೆ ಊಟದ ನಂತರ ರಕ್ತಕ್ಕೆ ಸೇರುವ ಪಾಲಿಫಿನಾಲ್‌ಗಿಂತ ನೂರಾರು ಪಟ್ಟು ಹೆಚ್ಚಾಗಿರುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಸಾಮರ್ಥ್ಯವನ್ನು ಅಂಕೆಯಲ್ಲಿ ತೋರಿಸುತ್ತಿದ್ದ ತನ್ನ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂದಕ್ಕೆ ಪಡೆಯಿತು; ಆ ಅಂಕೆಗಳಿಗೂ ಮನುಷ್ಯ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ತೋರಿಸಲಾಗದೆ ಹೋದದ್ದೇ ಅದಕ್ಕೆ ಕಾರಣ. ನಮ್ಮ ಪೊಟ್ಟಣಗಳ ಮೇಲೆ ಮಾತ್ರ ಆ ಪದ ಇನ್ನೂ ಆರಾಮವಾಗಿದೆ.

ಹಾಗಿದ್ದರೆ ಪ್ರಯೋಜನ ಬರುವುದೆಲ್ಲಿಂದ? ಎರಡು ದಾರಿಗಳು ಸಾಕಷ್ಟು ಸ್ಪಷ್ಟವಾಗಿವೆ. ಮೊದಲನೆಯದು ರಕ್ತನಾಳದ ಒಳಪದರ. ಎಂಡೋಥೀಲಿಯಂ ಎಂದು ಕರೆಯುವ, ಒಂದೇ ಜೀವಕೋಶದಷ್ಟು ದಪ್ಪದ ಈ ಪದರವು ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಆ ಅನಿಲ ಪಕ್ಕದ ಸ್ನಾಯುವಿಗೆ ಹರಡಿ ಅದನ್ನು ಸಡಿಲಗೊಳಿಸುತ್ತದೆ, ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ರಕ್ತದ ಕಿರುಬಿಲ್ಲೆಗಳು ಗೋಡೆಗೆ ಅಂಟದಂತೆಯೂ ಅದೇ ನೋಡಿಕೊಳ್ಳುತ್ತದೆ. ಒಳಪದರದಿಂದಲೇ ಇಂಥ ಸೂಚನೆ ಹೊರಡುತ್ತದೆ ಎಂದು 1980ರಲ್ಲಿ ತೋರಿಸಿದ ರಾಬರ್ಟ್ ಫರ್ಚ್‌ಗಾಟ್ ಅವರಿಗೂ, ಆ ಸೂಚನೆ ನೈಟ್ರಿಕ್ ಆಕ್ಸೈಡ್ ಎಂಬ ತೀರ್ಮಾನಕ್ಕೆ ದಾರಿ ಮಾಡಿದ ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೂ 1998ರ ವೈದ್ಯಕೀಯ ನೊಬೆಲ್ ದೊರೆಯಿತು. ಧೂಮಪಾನ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವೆಲ್ಲವೂ ಈ ಅನಿಲವನ್ನು ಹುಟ್ಟಿದೊಡನೆ ನಾಶಮಾಡುವ ಪರಿಸ್ಥಿತಿಯನ್ನು ತರುತ್ತವೆ. ಕೋಕೋ ಮತ್ತು ಚಹಾದಲ್ಲಿರುವ ಎಪಿಕ್ಯಾಟೆಚಿನ್‌ನಂಥ ಸಂಯುಕ್ತಗಳು, ದೇಹದಲ್ಲಿ ರೂಪ ಬದಲಿಸಿಕೊಂಡ ಮೇಲೆ, ಆ ನಾಶಕ್ಕೆ ಕಾರಣವಾದ ಕಿಣ್ವವನ್ನು ತಡೆದು ನೈಟ್ರಿಕ್ ಆಕ್ಸೈಡ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ತೋಳಿಗೆ ಪಟ್ಟಿ ಬಿಗಿದು, ಐದು ನಿಮಿಷ ರಕ್ತ ತಡೆದು, ಬಿಟ್ಟ ಕೂಡಲೇ ಅಪಧಮನಿ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಳೆಯುವ ಪರೀಕ್ಷೆಯಿದೆ. ಕೋಕೋ, ಚಹಾ ಕೊಟ್ಟ ಅನೇಕ ಪ್ರಯೋಗಗಳಲ್ಲಿ ಆ ಹಿಗ್ಗುವಿಕೆ ಅಳೆಯುವಷ್ಟು ಹೆಚ್ಚಾಗಿರುವುದು ಕಂಡುಬಂದಿದೆ.

ಎರಡನೆಯ ದಾರಿ ದೊಡ್ಡ ಕರುಳು. ಹೀರಿಕೆಯಾಗದೆ ಉಳಿದ ಪಾಲಿಫಿನಾಲ್ ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಸೇರುತ್ತದೆ, ಅವು ಅದನ್ನು ಒಡೆದು ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ, ಆ ಸಣ್ಣ ಆಮ್ಲಗಳು ರಕ್ತ ಸೇರುತ್ತವೆ. ಒಬ್ಬೊಬ್ಬರ ಕರುಳಿನ ಬ್ಯಾಕ್ಟೀರಿಯಾ ಬಳಗ ಒಂದೊಂದು ಬಗೆಯದಾದ್ದರಿಂದ, ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಮಾಡಿದ ಅಣ್ಣತಮ್ಮಂದಿರಿಗೂ ಫಲ ಬೇರೆಯಾಗಬಹುದು. ಇಷ್ಟು ಗ್ರಾಂ ಪುಡಿಗೆ ಇಷ್ಟು ಫಲ ಎಂದು ಪೊಟ್ಟಣದ ಮೇಲೆ ಬರೆಯುವುದು ಈ ಕಾರಣಕ್ಕೂ ನನಗೆ ಒಪ್ಪಿಗೆಯಾಗದು.

ಪ್ರಮಾಣದ ವಿಷಯಕ್ಕೆ ಬಂದರೆ, ಈ ಚರ್ಚೆಯನ್ನು ಜಗತ್ತಿನ ಮುಂದಿಟ್ಟದ್ದು ನೆದರ್ಲೆಂಡ್ಸಿನ ಜುಟ್ಫೆನ್ ಪಟ್ಟಣದ 805 ಮಂದಿ ವೃದ್ಧ ಪುರುಷರ ಅಧ್ಯಯನ. 1993ರಲ್ಲಿ ಪ್ರಕಟವಾದ ಅದರಲ್ಲಿ, ಚಹಾ, ಈರುಳ್ಳಿ, ಸೇಬುಗಳಿಂದ ಫ್ಲೇವನಾಯ್ಡ್ ಎಂಬ ಗುಂಪಿನ ಪಾಲಿಫಿನಾಲ್‌ಗಳನ್ನು ಹೆಚ್ಚು ಪಡೆಯುತ್ತಿದ್ದವರಲ್ಲಿ ಹೃದಯಾಘಾತದ ಸಾವು ಕಡಿಮೆ ಇತ್ತು. ಆದರೆ 1997ರಲ್ಲಿ ಅದೇ ಸಂಶೋಧಕರು ವೇಲ್ಸಿನ ಕೇರ್ಫಿಲಿಯಲ್ಲಿ ಇದೇ ಲೆಕ್ಕ ಹಾಕಿದಾಗ ಅಂಥ ಲಾಭ ಕಾಣಲಿಲ್ಲ. ಜನರನ್ನು ಏನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ ಅಧ್ಯಯನಗಳ ತೊಡಕು ಇದು: ಹಣ್ಣು ಹೆಚ್ಚು ತಿನ್ನುವವನು ಬೀಡಿ ಕಡಿಮೆ ಸೇದುತ್ತಿರಬಹುದು, ಹೆಚ್ಚು ನಡೆಯುತ್ತಿರಬಹುದು. ಆದ್ದರಿಂದ ನನಗೆ ಹೆಚ್ಚು ವಿಶ್ವಾಸ ಮೂಡಿಸಿದ್ದು ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಕೆಲಸ. ಅಲ್ಲಿ ನೆನಪನ್ನು ನಂಬದೆ, ಮೂತ್ರದಲ್ಲಿ ಕ್ಯಾಟೆಚಿನ್‌ಗಳು ಸೇರಿದ ಫ್ಲೇವನಾಲ್‌ಗಳ ಗುರುತನ್ನೇ ಅಳೆದರು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸೇವಿಸುವವರ ನಡುವೆ ಮೇಲಿನ ರಕ್ತದೊತ್ತಡದ ವ್ಯತ್ಯಾಸ ಗಂಡಸರಲ್ಲಿ ಸುಮಾರು 1.9, ಹೆಂಗಸರಲ್ಲಿ ಸುಮಾರು 2.5 ಮಿಲಿಮೀಟರ್ (ಪಾದರಸದ ಅಳತೆಯಲ್ಲಿ) ಇತ್ತು. ಕೋಕೋ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಪುರಾವೆ ಪರಿಶೀಲನಾ ಸಂಸ್ಥೆಯ 2017ರ ವರದಿಯಲ್ಲೂ ಇಳಿಕೆ 2 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆಯೇ. ರಕ್ತದೊತ್ತಡದ ಗುಳಿಗೆಯೊಂದು ಸಾಮಾನ್ಯವಾಗಿ ಇದರ ಹಲವು ಪಟ್ಟು ಇಳಿಸುತ್ತದೆ. ಎರಡು ಮಿಲಿಮೀಟರ್ ಇಡೀ ಊರಿನ ಲೆಕ್ಕದಲ್ಲಿ ದೊಡ್ಡದು, ಒಬ್ಬ ರೋಗಿಯ ಚಿಕಿತ್ಸೆಯಾಗಿ ಅದು ಏನೂ ಸಾಲದು.

ಅತಿ ದೊಡ್ಡ ಪ್ರಯೋಗ ಅಮೆರಿಕದ ಕಾಸ್ಮಾಸ್. ಅರವತ್ತರ ಆಸುಪಾಸು ದಾಟಿದ 21,442 ಮಂದಿಗೆ ಸುಮಾರು ಮೂರೂವರೆ ವರ್ಷ ದಿನವೂ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಇರುವ ಗುಳಿಗೆ ಅಥವಾ ಅದರಂತೆ ಕಾಣುವ ಖಾಲಿ ಗುಳಿಗೆ ಕೊಡಲಾಯಿತು. 2022ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹೃದಯ ಮತ್ತು ರಕ್ತನಾಳದ ಒಟ್ಟು ಘಟನೆಗಳು ಶೇಕಡ 10ರಷ್ಟು ಕಡಿಮೆಯಾದವಾದರೂ ಅದು ಆಕಸ್ಮಿಕವಾಗಿರಬಹುದಾದ ಮಿತಿಯೊಳಗಿತ್ತು. ಹೃದಯ ಸಂಬಂಧಿ ಸಾವು ಮಾತ್ರ ಶೇಕಡ 27ರಷ್ಟು ಕಡಿಮೆಯಾಗಿತ್ತು. ಮುಖ್ಯ ಪ್ರಶ್ನೆಗೆ ಉತ್ತರ ಬಾರದೆ ಉಪಪ್ರಶ್ನೆಗೆ ಉತ್ತರ ಬಂದಾಗ ಎಚ್ಚರಿಕೆಯಿಂದ ಓದಬೇಕು ಎಂಬುದು ಸಂಶೋಧನೆಯ ಹಳೆಯ ನಿಯಮ. ಮಾರಾಟಗಾರರು ಆ 27 ಎಂಬ ಅಂಕೆಯನ್ನು ಮಾತ್ರ ಓದುತ್ತಾರೆ.

ಇನ್ನು ನಮ್ಮ ಕಾಫಿ. ಭಾರತದ ಕಾಫಿ ಬೆಳೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡಗಿನದು, ಅದರಲ್ಲೂ ರೊಬಸ್ಟಾದ ಪಾಲೇ ಹೆಚ್ಚು. ರುಚಿಯ ಮಾತಿನಲ್ಲಿ ಅರೇಬಿಕಾಕ್ಕೆ ಮಣೆ ಹಾಕುವವರು ರೊಬಸ್ಟಾವನ್ನು ಕಡೆಗಣಿಸುತ್ತಾರೆ. ಆದರೆ ಹಸಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲಗಳು ರೊಬಸ್ಟಾದಲ್ಲೇ ಹೆಚ್ಚು, ಒಣ ತೂಕದ ಶೇಕಡ 7ರಿಂದ 10ರವರೆಗೆ. ಆ ಒಗರು ಕಹಿಗೆ ಒಂದಷ್ಟು ಕಾರಣವೂ ಅದೇ. ಹುರಿಯುವಾಗ ಇದು ಒಡೆಯುತ್ತದೆ. ಹುರಿದಷ್ಟೂ ಕಪ್ಪಾದಂತೆ ಉಳಿಯುವುದು ಕಡಿಮೆ. ಬೀಜ ಎಣ್ಣೆ ಬಿಟ್ಟು ಮಿನುಗುವವರೆಗೆ ಹುರಿಯುವ ನಮ್ಮ ಕೆಲವು ಮನೆಗಳ ಪದ್ಧತಿಯಲ್ಲಿ ಪಾಲಿಫಿನಾಲ್ ದೃಷ್ಟಿಯಿಂದ ನಷ್ಟವೇ ಹೆಚ್ಚು. ನಡು ಹುರಿತ ಸಾಕು. ಕುಡಿದ ಕ್ಲೋರೋಜೆನಿಕ್ ಆಮ್ಲದ ಸುಮಾರು ಮೂರನೆಯ ಒಂದು ಪಾಲು ಸಣ್ಣ ಕರುಳಿನಲ್ಲೇ ಹೀರಿಕೆಯಾಗುತ್ತದೆ, ಉಳಿದದ್ದು ಮೇಲೆ ಹೇಳಿದ ಬ್ಯಾಕ್ಟೀರಿಯಾಗಳ ಪಾಲಿಗೆ.

ಕಾಫಿ ಕುಡಿಯುವವರ ಮೂವತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ ದಿನಕ್ಕೆ ಮೂರರಿಂದ ಐದು ಲೋಟ ಕುಡಿಯುವವರಲ್ಲಿ ಹೃದಯ ಕಾಯಿಲೆಯ ಅಪಾಯ ಎಲ್ಲರಿಗಿಂತ ಕಡಿಮೆ ಇತ್ತು. ಇದು ಸಂಬಂಧ ಮಾತ್ರ, ಕಾರಣವೆಂದು ಸಾಧಿಸಿದ್ದಲ್ಲ. ಅಲ್ಲದೆ ಕಾಫಿಯಲ್ಲಿ ಎದುರು ದಿಕ್ಕಿಗೆ ಎಳೆಯುವ ವಸ್ತುಗಳೂ ಇವೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಅಭ್ಯಾಸವಿಲ್ಲದವರಲ್ಲಿ ಅದು ಕೆಲವು ಗಂಟೆಗಳ ಕಾಲ ರಕ್ತದೊತ್ತಡ ಏರಿಸುತ್ತದೆ. ಇನ್ನೊಂದು, ನಮ್ಮಲ್ಲಿ ಯಾರೂ ಮಾತನಾಡದ ಕೆಫೆಸ್ಟಾಲ್. ಕಾಫಿಯ ಎಣ್ಣೆಯಲ್ಲಿರುವ ಈ ವಸ್ತು ಯಕೃತ್ತಿನಲ್ಲಿ ಪಿತ್ತರಸ ತಯಾರಿಕೆಯನ್ನು ಕುಗ್ಗಿಸಿ ರಕ್ತದ ಕೊಲೆಸ್ಟರಾಲ್ ಹೆಚ್ಚಿಸುತ್ತದೆ; ದಿನವೂ 10 ಮಿಲಿಗ್ರಾಂ ಸೇವಿಸಿದರೆ ಕೊಲೆಸ್ಟರಾಲ್ ಡೆಸಿಲೀಟರಿಗೆ ಸುಮಾರು 5 ಮಿಲಿಗ್ರಾಂ ಏರುತ್ತದೆ. ನಾರ್ವೆಯ ಟ್ರಾಮ್ಸೊದಲ್ಲಿ 1983ರಲ್ಲಿ ಕಾಫಿಗೂ ಕೊಲೆಸ್ಟರಾಲಿಗೂ ನಂಟು ಕಂಡಾಗ ಮೊದಲು ಗೊಂದಲವಾಯಿತು. ಪುಡಿಯನ್ನು ನೀರಿನಲ್ಲಿ ಕುದಿಸಿ ಸೋಸದೆ ಕುಡಿಯುವ ಅಲ್ಲಿನ ಪದ್ಧತಿಯೇ ಕಾರಣವೆಂದು ಆಮೇಲೆ ತಿಳಿಯಿತು.

ಇದನ್ನು ನಾನು ಇಷ್ಟು ಹಿಗ್ಗಿಸಿ ಹೇಳುವುದಕ್ಕೆ ಕಾರಣವಿದೆ. ಕೊಡಗಿನ ಹಳ್ಳಿಮನೆಗಳ ಬೆಲ್ಲದ ಕಾಫಿಯೂ ಹೀಗೆಯೇ ಕುದಿಸಿದ್ದು. ಒಲೆಯ ಮೇಲೆ ನೀರು, ಬೆಲ್ಲ, ಪುಡಿ ಒಟ್ಟಿಗೆ ಕುದಿದು, ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳುವ ಮನೆಗಳು ಇಂದಿಗೂ ಇವೆ. ಸ್ವೀಡನ್ನಿನ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಕುದಿಸಿದ ಕಾಫಿಯಲ್ಲಿ ಲೀಟರಿಗೆ 939 ಮಿಲಿಗ್ರಾಂ ಕೆಫೆಸ್ಟಾಲ್ ಇತ್ತು. ಅದನ್ನೇ ಬಟ್ಟೆಯಲ್ಲಿ ಸೋಸಿದಾಗ 28 ಮಿಲಿಗ್ರಾಂಗೆ ಇಳಿಯಿತು. ರೊಬಸ್ಟಾದಲ್ಲಿ ಕೆಫೆಸ್ಟಾಲ್ ಅರೇಬಿಕಾಕ್ಕಿಂತ ಕಡಿಮೆ ಎಂಬುದು ನಮ್ಮ ಪಾಲಿನ ಸಮಾಧಾನ. ಆದರೂ ಅಜ್ಜಿಯರು ಬಳಸುತ್ತಿದ್ದ ಆ ಕಂದು ಬಣ್ಣಕ್ಕೆ ತಿರುಗಿದ ಸೋಸುವ ಬಟ್ಟೆಗೆ ಇಷ್ಟು ದೊಡ್ಡ ಕೆಲಸವಿತ್ತೆಂದು ತಿಳಿದಾಗ ನನಗೆ ಸಂತೋಷವಾಯಿತು. ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರಿನ ರಂಧ್ರಗಳು ಕಾಗದದಷ್ಟು ಎಣ್ಣೆಯನ್ನು ಹಿಡಿಯಲಾರವು. ನಾರ್ವೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ ಇಪ್ಪತ್ತು ವರ್ಷ ಗಮನಿಸಿದ 2020ರ ಅಧ್ಯಯನದಲ್ಲಿ ಸೋಸಿದ ಕಾಫಿ ಕುಡಿದವರಲ್ಲಿ ಸಾವಿನ ಪ್ರಮಾಣ, ಸೋಸದೆ ಕುಡಿದವರಿಗಿಂತ ಕಡಿಮೆ ಇತ್ತು. ಕೊಲೆಸ್ಟರಾಲ್ ಏರಿರುವವರು ಪುಡಿ ಬದಲಿಸುವ ಮೊದಲು ಸೋಸುವ ಬಗೆಯನ್ನು ಬದಲಿಸಲಿ. ಬೆಲ್ಲದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ: ಸಕ್ಕರೆ ಕಾಯಿಲೆಯವರಿಗೆ ಅದೂ ಸಕ್ಕರೆಯೇ. ಹಾಲಿನ ಪ್ರೋಟೀನು ಚಹಾದ ಕ್ಯಾಟೆಚಿನ್‌ಗಳಿಗೆ ಅಂಟಿಕೊಂಡು ಫಲವನ್ನು ತಗ್ಗಿಸುತ್ತದೆ ಎಂದು 2007ರ ಬರ್ಲಿನ್ ಪ್ರಯೋಗವೊಂದು ಹೇಳಿತು, ಆದರೆ ಅದರಲ್ಲಿ ಇದ್ದವರು 16 ಮಂದಿ ಮಹಿಳೆಯರು ಮಾತ್ರ. ಹೀರಿಕೆ ಕಡಿಮೆಯಾಗುವುದಿಲ್ಲ ಎನ್ನುವ ಪ್ರಯೋಗಗಳೂ ಇರುವುದರಿಂದ ಹಾಲಿನ ಕಾಫಿ ಪ್ರಿಯರು ಗಾಬರಿಯಾಗಬೇಕಿಲ್ಲ.

ಕೊಡಗಿನ ಕಿತ್ತಳೆ ನಮ್ಮ ಇನ್ನೊಂದು ಹೆಮ್ಮೆ, ಈಗ ದುಃಖವೂ ಹೌದು. ಭೌಗೋಳಿಕ ಸೂಚಿಕೆ ಪಡೆದ ಈ ಹಣ್ಣಿನ ಮರಗಳು ಗ್ರೀನಿಂಗ್ ರೋಗಕ್ಕೆ ಸಿಕ್ಕಿ ತೋಟಗಳಿಂದ ಬಹುಪಾಲು ಮರೆಯಾದವು. ಸಿಲ್ಲಿಡ್ ಎಂಬ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾದ ರೋಗ ಅದು. ಉಳಿದಿರುವ ಮರಗಳ ಹಣ್ಣನ್ನು ತಿನ್ನುವಾಗಲಾದರೂ ಹೆಸ್ಪೆರಿಡಿನ್ ಎಲ್ಲಿದೆ ಎಂಬುದು ಗೊತ್ತಿರಬೇಕು. ರಸದಲ್ಲಿ ಅದು ಇದ್ದರೂ, ಸಿಪ್ಪೆಯ ಒಳಗಿನ ಬಿಳಿ ಭಾಗ, ತೊಳೆಗಳಿಗೆ ಅಂಟಿದ ನಾರು, ತೊಳೆಯ ಸಿಪ್ಪೆ, ಇವುಗಳಲ್ಲಿ ಹೆಚ್ಚು. ಮಕ್ಕಳಿಗಾಗಿ ನಾವು ಎಚ್ಚರಿಕೆಯಿಂದ ಬಿಡಿಸಿ ಎಸೆಯುವುದು ಅದನ್ನೇ. ಫ್ರಾನ್ಸಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತುಸು ತೂಕ ಹೆಚ್ಚಿದ್ದ 24 ಮಂದಿ ಆರೋಗ್ಯವಂತ ಗಂಡಸರಿಗೆ ನಾಲ್ಕು ವಾರ ದಿನವೂ ಅರ್ಧ ಲೀಟರ್ ಕಿತ್ತಳೆ ರಸ, ಅಥವಾ ಅಷ್ಟರಲ್ಲಿರುವ 292 ಮಿಲಿಗ್ರಾಂ ಹೆಸ್ಪೆರಿಡಿನ್ ಮಾತ್ರ, ಅಥವಾ ಎರಡೂ ಇಲ್ಲದ ಪಾನೀಯ ಕೊಡಲಾಯಿತು. ಮೊದಲ ಎರಡರಲ್ಲಿ ಕೆಳಗಿನ ರಕ್ತದೊತ್ತಡ ಇಳಿಯಿತು. ಅಂದರೆ ಕೆಲಸ ಮಾಡಿದ್ದು ಹೆಸ್ಪೆರಿಡಿನ್ ಎಂದು ಹೇಳಲು ಆಧಾರವಿದೆ. ಅರ್ಧ ಲೀಟರ್ ರಸದ ಸಕ್ಕರೆಯನ್ನು ದಿನವೂ ಕುಡಿಯಿರಿ ಎಂದು ನಾನಂತೂ ಹೇಳಲಾರೆ; ಇಡೀ ಹಣ್ಣು, ನಾರಿನ ಸಮೇತ, ಸಾಕು.

ಕಕ್ಕಡ ಹದಿನೆಂಟರ ಮದ್ದು ಪಾಯಸವನ್ನು ಬಿಟ್ಟು ಈ ಬರಹ ಮುಗಿಸಿದರೆ ಕೊಡಗಿನವರು ಕ್ಷಮಿಸುವುದಿಲ್ಲ. ಕಕ್ಕಡ ಮಾಸದ ಹದಿನೆಂಟನೆಯ ದಿನವಾದ ಆಗಸ್ಟ್ 3ರಂದು ಮದ್ದು ಸೊಪ್ಪನ್ನು ಕುದಿಸಿದ ನೀರಿನ ಆ ಗಾಢ ನೇರಳೆ ಬಣ್ಣ, ಮರುದಿನ ಮೂತ್ರಕ್ಕೂ ಹತ್ತುವ ಕೆಂಪು, ಹದಿನೆಂಟು ಔಷಧಿಗಳು ಅದರಲ್ಲಿ ಸೇರಿವೆ ಎಂಬ ನಂಬಿಕೆ ನಮಗೆಲ್ಲ ಪರಿಚಿತ. ಪ್ರಯೋಗಾಲಯಗಳಲ್ಲಿ ಈ ಎಲೆಯ ಸಾರ ಆಂಟಿಆಕ್ಸಿಡೆಂಟ್ ಗುಣ ತೋರಿಸಿದೆ. ಆದರೆ ನಳಿಕೆಯ ಫಲಿತಾಂಶ ರಕ್ತನಾಳದ ಫಲಿತಾಂಶವಲ್ಲ ಎಂಬುದನ್ನು ಆಗಲೇ ನೋಡಿದೆವು. ವರ್ಷಕ್ಕೊಮ್ಮೆ, ಮಳೆ ಸುರಿಯುವ ತಿಂಗಳಲ್ಲಿ, ತುಪ್ಪ ಜೇನು ಹಾಕಿ ತಿನ್ನುವ ಹಬ್ಬದ ಊಟವನ್ನು ಹಬ್ಬದ ಊಟವಾಗಿಯೇ ಉಳಿಸಿಕೊಳ್ಳೋಣ. ಅದನ್ನು ವರ್ಷವಿಡೀ ನುಂಗುವ ಪುಡಿ ಮಾಡುವುದು ಸಂಪ್ರದಾಯವೂ ಅಲ್ಲ, ವಿಜ್ಞಾನವೂ ಅಲ್ಲ. ಹುಳಿ ಹಣ್ಣಿನ ರಸವನ್ನು ಕುದಿಸಿ ಮಾಡುವ ಕಾಚಂಪುಳಿಯ ಕಪ್ಪು ಬಣ್ಣ ನೋಡಿ ಅದರಲ್ಲೂ ಪಾಲಿಫಿನಾಲೇ ಕೆಲಸ ಮಾಡುತ್ತದೆಂದು ಭಾವಿಸುವವರಿದ್ದಾರೆ. ಅದರ ಹುಳಿಗೆ ಪ್ರಸಿದ್ಧವಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಪಾಲಿಫಿನಾಲ್ ಅಲ್ಲ. ಪಂದಿ ಕರಿಗೆ ಅದು ಬೇಕು, ಆದರೆ ಮಾಂಸದ ಕೊಬ್ಬನ್ನು ಅದು ರಕ್ತದಲ್ಲಿ ಕರಗಿಸಿಬಿಡುತ್ತದೆ ಎಂಬ ನೆಮ್ಮದಿ ಬೇಡ. ಅದೇ ಹಣ್ಣಿನ ಸಾರದ ತೂಕ ಇಳಿಸುವ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಅರಿಶಿನ ಮತ್ತು ಮೆಣಸಿನ ಕಥೆಯೂ ಇಂಥದೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ, ಅರಿಶಿನದ ಪಾಲಿಫಿನಾಲ್ ಆದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇಕಡ 2000ದಷ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಯಕೃತ್ತು ಹೊರಗಿನ ವಸ್ತುಗಳನ್ನು ಸಂಸ್ಕರಿಸಿ ಹೊರಹಾಕುವ ಕೆಲಸವನ್ನು ಪೈಪರಿನ್ ತಡೆಯುವುದೇ ಇದಕ್ಕೆ ಕಾರಣ. ಸಾರಿನಲ್ಲಿ ಚಿಟಿಕೆ ಅರಿಶಿನ, ಮೆಣಸು ಕುಟ್ಟಿ ಹಾಕುವ ಅಡುಗೆಗೆ ಇದರಿಂದ ತೊಂದರೆಯಿಲ್ಲ. ಗ್ರಾಂಗಟ್ಟಲೆ ಕರ್ಕ್ಯುಮಿನ್‌ಗೆ ಪೈಪರಿನ್ ಬೆರೆಸಿದ ಗುಳಿಗೆ ಬೇರೆಯೇ ವಸ್ತು. ಅಂಥವುಗಳಿಂದ ಯಕೃತ್ತಿನ ಉರಿಯೂತವಾದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಮನೆ ವೈನ್ ಬಗ್ಗೆ ಒಂದೇ ಮಾತು: ದ್ರಾಕ್ಷಾರಸದ ರೆಸ್ವೆರಟ್ರಾಲ್ ಎಂಬ ಪಾಲಿಫಿನಾಲ್ ಹೃದಯ ಕಾಯುತ್ತದೆ ಎಂಬ ನಂಬಿಕೆಯನ್ನು ಇಟಲಿಯ ಕಿಯಾಂಟಿ ಪ್ರದೇಶದ 783 ಹಿರಿಯರ ಮೂತ್ರ ಪರೀಕ್ಷೆಯಿಂದಲೇ ತೂಗಿದ 2014ರ ಅಧ್ಯಯನ ಸಮರ್ಥಿಸಲಿಲ್ಲ, ಮತ್ತು ನಮ್ಮಲ್ಲಿ ಮಾರುವ ಶುಂಠಿ, ಅನಾನಸ್, ವೀಳ್ಯದೆಲೆಯ ವೈನ್‌ಗಳಿಗೆ ಆ ವಾದದ ನೆಪವೂ ಇಲ್ಲ.

ಔಷಧಿ ತೆಗೆದುಕೊಳ್ಳುವವರು ಗಮನಿಸಬೇಕಾದದ್ದು ಚಕ್ಕೋತ. ದ್ರಾಕ್ಷಿಹಣ್ಣಿನ ಹೆಸರು ಹೊತ್ತ ವಿದೇಶಿ ಗ್ರೇಪ್‌ಫ್ರೂಟ್‌ನಂತೆ ಚಕ್ಕೋತದಲ್ಲೂ ಫ್ಯುರಾನೊಕೂಮರಿನ್‌ಗಳಿವೆ. ಇವು ಕರುಳಿನ ಒಂದು ಕಿಣ್ವವನ್ನು ತಡೆದು ಅಟೊರ್ವಸ್ಟಾಟಿನ್, ಸಿಮ್ವಸ್ಟಾಟಿನ್‌ನಂಥ ಕೊಲೆಸ್ಟರಾಲ್ ಔಷಧಿಗಳ ಮತ್ತು ಕೆಲವು ರಕ್ತದೊತ್ತಡದ ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಹೆಚ್ಚಿಸಬಲ್ಲವು. ಹಿತ್ತಲಿನಲ್ಲಿ ಮರವಿದ್ದು ದಿನವೂ ತಿನ್ನುವವರು ವೈದ್ಯರಿಗೆ ಇದನ್ನು ಹೇಳಿ ಕೇಳಬೇಕು.

ಕೊನೆಯದಾಗಿ ಕಬ್ಬಿಣದ ಅಂಶ. ಪಾಲಿಫಿನಾಲ್‌ಗಳು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. 1983ರ ಪ್ರಯೋಗವೊಂದರಲ್ಲಿ ಊಟದೊಂದಿಗೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡ 39ರಷ್ಟು, ಚಹಾ ಶೇಕಡ 64ರಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಅಂಥ ಇಳಿಕೆ ಆಗಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದಾಗ ಮಾತ್ರ ಜೊತೆಗೆ ಕುಡಿದಷ್ಟೇ ಇಳಿಕೆ ಕಂಡಿತು. ತೋಟದ ಕಾರ್ಮಿಕರ ಲೈನ್ ಮನೆಗಳ ಹೆಂಗಸರಲ್ಲಿ ರಕ್ತಹೀನತೆ ಇದ್ದವರು ಬುತ್ತಿಯೊಂದಿಗೆ ಕಪ್ಪು ಚಹಾ ಕುಡಿಯುವುದು ವಾಡಿಕೆ. ಅವರಿಗೆ ಪಾಲಿಫಿನಾಲ್‌ನ ಗುಣಗಾನಕ್ಕಿಂತ ಮೊದಲು ಹೇಳಬೇಕಾದದ್ದು, ಚಹಾವನ್ನು ಕೆಲಸಕ್ಕೆ ಹೊರಡುವ ಮುಂಚೆ ಕುಡಿದು, ಬುತ್ತಿಯೊಂದಿಗೆ ನೀರು ಮತ್ತು ಒಂದು ನೆಲ್ಲಿಕಾಯಿ ಅಥವಾ ನಿಂಬೆ ಹೋಳು ಇಟ್ಟುಕೊಳ್ಳಬೇಕೆಂಬುದನ್ನು. ಅವುಗಳ ಸಿ ಜೀವಸತ್ವ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ.